ಉರ್ಪೊ ಒತ್ತಿದ ನೀಲಿ ಗುಂಡಿ, ನನ್ನ ತಂಗಿಯ ತಲೆ ಮೇಲಿನ ಬೂಟು

ಜನರ ಖಾಸಗಿ ಮಾಹಿತಿಯನ್ನು ಕಾಯಲೆಂದು ಸರ್ಕಾರ ಕೂರಿಸಿರುವ ಅಧಿಕಾರಿಗಳೇ,

ಹೋದ ವರ್ಷ ಜನವರಿಯ ಒಂದು ಬೆಳಿಗ್ಗೆ, ಸರೋವರದ ಮಂಜುಗಡ್ಡೆಯಲ್ಲಿ ಕೊರೆದ ಈಜುಗುಂಡಿಯೊಳಗೆ ನನ್ನ ತಂಗಿಯ ತಲೆಯನ್ನು ಒಬ್ಬ ಗಂಡಸು ಬೂಟುಗಾಲಲ್ಲಿ ಅದುಮಿ ಹಿಡಿದಿದ್ದ. ಅವಳು ಅಲ್ಲಿದ್ದಾಳೆಂದು ಅವನಿಗೆ ತಿಳಿಸಿದ್ದು ಒಂದು ಜಾಲತಾಣ. ಆ ಜಾಲತಾಣಕ್ಕೆ ತಿಳಿಸಿದ್ದು ಸಾಮಾಜಿಕ ಜಾಲದ ಕಂಪನಿ. ಕಂಪನಿ ಮಾಡಿದ್ದು ಕಾನೂನಿಗೆ ಸರಿಯಾಗಿಯೇ ಇದೆ ಎಂದು ಸಹಿ ಹಾಕಿ ಕಳಿಸಿದ್ದು ನೀವು. ಮಾನ್ಯರೇ ಎಂದು ಶುರುಮಾಡಬೇಕಿತ್ತು, ಗೊತ್ತು. ಕೈ ಬರಲಿಲ್ಲ.

ನಾನು ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು, ಆಸ್ಪತ್ರೆಯ ಹೊದಿಕೆ ಒಗೆಯುವವಳು. ಹುಟ್ಟು ಪುಕ್ಕಲಿ ಬೇರೆ. ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್ಸಿಳಿದು ವಾಪಸ್ ಓಡುವ ಜಾತಿ. ತಪ್ಪಿದ್ದಲ್ಲಿ ಕೆಂಪು ಪೆನ್ನಿನಲ್ಲಿ ಗೀಚಿಕೊಳ್ಳಿ, ಓದುವುದನ್ನು ಮಾತ್ರ ನಿಲ್ಲಿಸಬೇಡಿ.

ನನ್ನ ತಂಗಿ ಐರಾ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ, ಯಾಕೆಂದು ನಿಮಗೇ ತಿಳಿಯುತ್ತದೆ. ಗಂಡ ಕೌಕೊ ದವಡೆ ಮುರಿದ ಮೇಲೆ ಅವಳು ತುರ್ಕು ನಗರ ಬಿಟ್ಟು ನನ್ನ ಊರಿಗೆ ಬಂದಳು. ಸರ್ಕಾರಿ ದಾಖಲೆಗಳಲ್ಲಿ ಅವಳ ವಿಳಾಸ ಮುಚ್ಚಿಸಿದೆವು. ಎಲ್ಲರ ಬಾಗಿಲ ಮೇಲೂ ಹೆಸರಿರುವ ನಮ್ಮ ಕಟ್ಟಡದಲ್ಲಿ ಅವಳ ಬಾಗಿಲೊಂದೇ ಬೋಳು. ಸಾಮಾಜಿಕ ಜಾಲದಲ್ಲೂ ಅವಳ ಪುಟ ಬೆರಳೆಣಿಕೆಯ ಗೆಳೆಯರಿಗಷ್ಟೇ ಕಾಣುತ್ತಿತ್ತು. ಅವರಲ್ಲೊಬ್ಬ ಉರ್ಪೊ, ನಮ್ಮೂರ ಚಳಿ ಈಜು ಸಂಘದ ಕಾರ್ಯದರ್ಶಿ.

ಮಂಜುಗುಂಡಿಗೆ ಯಾರೂ ಒಂಟಿಯಾಗಿ ಇಳಿಯಬಾರದು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಕಟ್ಟಳೆ. ಎದೆಬಡಿತ ನಿಂತರೆ ಮೇಲೆಳೆಯಲು ಇನ್ನೊಂದು ಕೈ ಬೇಕಲ್ಲ? ಮೊದಲೆಲ್ಲ ದಡದಲ್ಲಿರುವ ಬಿಸಿಹಬೆಯ ಸ್ನಾನದ ಮನೆ, ಸೌನಾದ ಹೊರಗೋಡೆಯ ಮೊಳೆಗೆ ಟವೆಲ್ ನೇತುಹಾಕಿದರೆ ಆಯಿತು, ಜನ ಇದ್ದಾರೆಂದು ಅರ್ಥ. ಉರ್ಪೊಗೆ ಅದು ಸಾಲಲಿಲ್ಲ. ಯಾರು ಯಾವಾಗ ಇಳಿಯುತ್ತಾರೆಂದು ಸದಸ್ಯರು ಮನೆಯಲ್ಲೇ ಕೂತು ನೋಡಿಕೊಳ್ಳಲಿ ಎಂದು ಸಂಘಕ್ಕೊಂದು ಜಾಲತಾಣ ಮಾಡಿಸಿದ. “ನಿಮ್ಮ ಸಾಮಾಜಿಕ ಜಾಲದ ಖಾತೆಯಿಂದಲೇ ಒಳಬನ್ನಿ” ಎಂಬ ನೀಲಿ ಗುಂಡಿಯನ್ನು ಎಲ್ಲರಿಗಿಂತ ಮೊದಲು ತಾನೇ ಒತ್ತಿದ.

“ಉರ್ಪೊ, ಅದು ಏನೇನ್ ತಗೊಳ್ಳತ್ತೆ ಅಂತ ಓದ್ಕೊಂಡ್ಯಾ?” ಎಂದು ಕೇಳಿದ್ದೆ.

“ಅಯ್ಯೋ ಮಹಾರಾಯ್ತಿ, ನೀನು ಬೇಯಿಸಿದ ಆಲೂಗಡ್ಡೇಲೂ ಮೀನಿನ ಮುಳ್ಳು ಹುಡುಕ್ತೀಯ! ನನ್ನ ಹೆಸರು, ನನ್ನ ಸುಂದರವಾದ ಬೋಳುತಲೆ ಫೋಟೊ. ತಗೊಂಡ್ ಹೋಗ್ಲಿ ಬಿಡು.”

ಅಷ್ಟನ್ನೇ ತೆಗೆದುಕೊಂಡಿದ್ದರೆ ಈ ಪತ್ರ ಇರುತ್ತಿರಲಿಲ್ಲ. ಹೊರಗಿನ ಜಾಲತಾಣಗಳು ತನ್ನ ಉಗ್ರಾಣದಿಂದ ಮಾಹಿತಿ ಎತ್ತಿಕೊಂಡು ಹೋಗಲೆಂದೇ ಸಾಮಾಜಿಕ ಜಾಲದ ಆ ಕಂಪನಿ ಒಂದು ಕಿಂಡಿ ಇಟ್ಟಿದೆ, ಎಪಿಐ ಅನ್ನುತ್ತಾರಂತೆ. ಉರ್ಪೊನ ಹೆಸರಿನಲ್ಲಿ ಆ ಕಿಂಡಿ ತೆರೆದದ್ದೇ ತಡ, ಅವನ ಗೆಳೆಯರ ಮುಖ, ಊರು, ಅವರು ಬರೆದದ್ದು ಎಲ್ಲವೂ ಹೊರಬಿತ್ತು. “ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಗುಂಡಿಗೆ ಬರ್ತೀನಿ” ಎಂದು ಐರಾ ತನ್ನ ಮುಚ್ಚಿದ ಪುಟದಲ್ಲಿ ಬರೆದಿದ್ದಳು. ಸಂಘದ ತಾಣ ಅದನ್ನೆತ್ತಿ, ಫೋಟೊ ಸಮೇತ, ಲೋಕಕ್ಕೆಲ್ಲ ಕಾಣುವಂತೆ “ನಾಳೆಯ ಈಜುಗಾರರು” ಎಂದು ಅಂಟಿಸಿತು. ದಿನಬೆಳಗಾದರೆ ಅವಳ ಹೆಸರು ಹುಡುಕುತ್ತಿದ್ದ ಕೌಕೊಗೆ ಇನ್ನೇನು ಬೇಕು?

ನಾನು ನೀರಿಗಿಳಿಯುವವಳಲ್ಲ. ದಡದಲ್ಲಿ ನಿಂತು ಹೆದರುವುದೇ ನನ್ನ ಪಾಲಿನ ಈಜು. ಉರ್ಪೊ ಸೌನಾದೊಳಗಿದ್ದ. ಐರಾ ಏಣಿಯ ಕಂಬಿ ಹಿಡಿದು ಕುತ್ತಿಗೆಯವರೆಗೆ ಇಳಿದಿದ್ದಳು. ಕೌಕೊ ನೆಟ್ಟಗೆ ನಡೆದು ಬಂದ. ಒಂದೇ ಏಟಿಗೆ ನನ್ನನ್ನು ಕೆಡವಿ ಐರಾಳ ಕಡೆ ಬಾಗಿದ.

“ಏನೇ, ತಣ್ಣಗಾಯ್ತಾ? ಅಷ್ಟು ದೂರದಿಂದ ಬಂದೀನಿ, ಬಾ ಅಂತ ಒಂದು ಮಾತೂ ಇಲ್ವಾ?”

ಕಂಬಿ ಹಿಡಿದ ಅವಳ ಬೆರಳುಗಳ ಮೇಲೆ ಹಿಮ್ಮಡಿಯಿಟ್ಟು ತಿರುಚಿದ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಆಮೇಲೆ ಅದೇ ಬೂಟನ್ನು ತಲೆಯ ಮೇಲಿಟ್ಟ. ಅವಳ ಉಣ್ಣೆಯ ಟೋಪಿ ಮಾತ್ರ ಮೇಲೆ ತೇಲಿತು. ಪಕ್ಕದಲ್ಲಿ ಮಂಜು ಒಡೆಯುವ ಹಾರೆ ಬಿದ್ದಿತ್ತು. ಎತ್ತಿ ಅವನ ಮೊಣಕಾಲಿಗೆ ಬಾರಿಸಿದೆ. ಕುಸಿದವನ ಭುಜಕ್ಕೆ ಇನ್ನೊಂದು. ಹಿಮವೆಲ್ಲ ಕೆಂಪಾಯಿತು. ಮತ್ತೊಂದು ತಲೆಗೇ ಬೀಳುತ್ತಿತ್ತು, ಸುಳ್ಳು ಹೇಳುವುದಿಲ್ಲ. ಉರ್ಪೊ ಬರಿಮೈಯಲ್ಲೇ ಓಡಿ ಬಂದು ಹಾರೆ ಹಿಡಿದ.

“ಅವನು ಸಾಯ್ಲಿ ಬಿಡೇ ಸೈಮಿ, ಮೊದಲು ಅವಳನ್ನ ಎಳಿ!”

ಎಳೆದೆವು. ನೀಲಿಗಟ್ಟಿದ್ದಳು. ಎದೆ ಒತ್ತಿ ಒತ್ತಿ ನೀರು ಕಕ್ಕಿಸಿದೆವು. ಬದುಕಿದಳು. ಬಲಗೈ ಬೆರಳುಗಳು ಇಂದಿಗೂ ಮಡಚುವುದಿಲ್ಲ.

ಇಷ್ಟನ್ನೂ ಬರೆದು ನಿಮಗೆ ದೂರು ಕೊಟ್ಟೆ. “ಸದರಿ ಮಾಹಿತಿಯನ್ನು ಬಳಕೆದಾರರ ಒಪ್ಪಿಗೆಯ ಮೇರೆಗೆ ಪಡೆಯಲಾಗಿದೆ” ಎಂದು ಉತ್ತರ ಬಂತು. ಯಾವ ಬಳಕೆದಾರ, ಸ್ವಾಮಿ? ಉರ್ಪೊ ಈಗ ಕಾಫಿಗೆ ಕೂತಾಗಲೆಲ್ಲ, “ನಾನು ನಂದಕ್ಕೆ ಹೂಂ ಅಂದೆ ಕಣೇ. ಅವಳದಕ್ಕೆ ಹೂಂ ಅನ್ನೋಕೆ ನಾನ್ಯಾರು?” ಎನ್ನುತ್ತಾನೆ. ನಿಮ್ಮ ಅಷ್ಟು ದೊಡ್ಡ ಕಚೇರಿಯಲ್ಲಿ ಈ ಪ್ರಶ್ನೆ ಒಬ್ಬರಿಗೂ ಹೊಳೆಯಲಿಲ್ಲವೇ? ನಿಮ್ಮ ಪಕ್ಕದ ಮೇಜಿನವರು ಹೂಂ ಅಂದರೆ ನಾನು ಬಂದು ನಿಮ್ಮ ಹಲ್ಲು ಉದುರಿಸಬಹುದೇ? ಒಪ್ಪಿಗೆ ಪಡೆದೇ ಉದುರಿಸುತ್ತೇನೆ, ನಿಯಮ ಮೀರುವುದಿಲ್ಲ.

ಸಂಘ ತನ್ನ ತಾಣವನ್ನು ಮುಚ್ಚಿತು. ಆದರೆ ಅಲ್ಲಿಂದ ನಕಲು ಮಾಡಿಕೊಂಡ ಬೇರೆ ತಾಣಗಳಲ್ಲಿ ಐರಾಳ ಮುಖವೂ ಊರೂ ಇನ್ನೂ ಇವೆ. ಅಳಿಸಲು ತಾವು ದಯಪಾಲಿಸಿದ ದಾರಿಯನ್ನು ಈ ಪತ್ರಿಕೆಯ ಓದುಗರೂ ಕೇಳಲಿ: ಸಂತ್ರಸ್ತೆ ಸ್ವತಃ ಅರ್ಜಿ ಹಾಕಬೇಕು, ಈಗಿನ ವಿಳಾಸ ನಮೂದಿಸಬೇಕು, ಅದರ ಪ್ರತಿಯನ್ನು ಆ ತಾಣಗಳಿಗೆ ಕಳಿಸಲಾಗುವುದು. ವಿಳಾಸ ಬಚ್ಚಿಡಬೇಕಾದರೆ ಮೊದಲು ಹಂಚಬೇಕು! ಇದನ್ನು ಬರೆದವರಿಗೆ ಅಂದು ರಾತ್ರಿ ನಿದ್ದೆ ಬಂತೇ?

ಕೌಕೊ ಏಪ್ರಿಲಿನಲ್ಲಿ ಜೈಲಿನಿಂದ ಹೊರಬರುತ್ತಾನೆ. “ಅಕ್ಕಾ, ಮತ್ತೆ ಊರು ಬಿಡ್ಬೇಕಾ?” ಎಂದು ಐರಾ ನಿನ್ನೆ ಕೇಳಿದಳು. ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ನಿಮ್ಮ ಹತ್ತಿರ ಅಧಿಕಾರವಿದೆ. ಏಪ್ರಿಲಿಗೆ ಮುಂಚೆ ಆ ಕಿಂಡಿ ಮುಚ್ಚಿಸಿ. ಒಬ್ಬರ ಹೂಂ ಇಟ್ಟುಕೊಂಡು ಇನ್ನೊಬ್ಬರ ಬದುಕನ್ನು ಹೊರಗೆ ಸಾಗಿಸಬಾರದೆಂದು ಆದೇಶ ಮಾಡಿ. ನಕಲುಗಳನ್ನು ಅರ್ಜಿ ಕೇಳದೆ ನೀವೇ ಅಳಿಸಿ. ಉತ್ತರವನ್ನು ಇದೇ ಪತ್ರಿಕೆಯಲ್ಲಿ ಕೊಡಿ, ಅಂಚೆಯಲ್ಲಿ ಬೇಡ. ನಾವಿರುವ ಮನೆ ನಿಮಗೆ ಗೊತ್ತಾದರೂ ನನಗೆ ಭಯವೇ.

ಇಂತಿ,
ನಿಮ್ಮ ಕಾವಲಿನ ಕೆಲಸವನ್ನು ಕಿಟಕಿಯಲ್ಲಿ ನಿಂತು ಮಾಡುತ್ತಿರುವ,
ಸೈಮಿ ಎಂಬ ಸುಳ್ಳು ಹೆಸರಿನ ಅಕ್ಕ