ಅಣ್ಣನ ಎಡೆಗೆ ಎಂತ ಬಡಿಸುವುದು

ಕುಶಲಣ್ಣಾ,

ಸಾರಿ, ನೀನು ಓದುವುದಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ. ಮಂಜಿನಲ್ಲಿ ನಿಮ್ಮ ಸೇನೆಯ ಹೆಲಿಕಾಪ್ಟರ್ ಬೆಟ್ಟಕ್ಕೆ ಬಡಿದು ನೀನು ಹೋದೆ; ಇವತ್ತು ಮನೆಯಲ್ಲಿ ನಿನ್ನ ಉತ್ತರಕ್ರಿಯೆ ಆಯ್ತು.

ಎಡೆಗೆ ನಿನ್ನ ಇಷ್ಟದ್ದೇ ಬಡಿಸಬೇಕಲ್ಲ? "ಕೋಳಿ ಸುಕ್ಕ," ಅಂದೆ ನಾನು, ಫುಲ್ ಕಾನ್ಫಿಡೆನ್ಸಲ್ಲಿ. ನೀನು ಮದುವೆಯಾಗಬೇಕಿದ್ದ ಅನ್ವಿತಾ ಅಮ್ಮನಿಗೆ ಮೆಲ್ಲ ಹೇಳಿದಳು, "ಅವರು ಕೋಳಿ ಬಿಟ್ಟು ವರ್ಷ ಎರಡಾಯ್ತು ಅತ್ತೆ. ಬಂಗುಡೆ ಮೀನಿನ ಪುಳಿಮುಂಚಿ ಮಾಡಿ."

ಅಮ್ಮ ನನ್ನ ಮುಖವೂ ನೋಡದೆ ಮುಳ್ಳೇರಿಯ ಪೇಟೆಯಿಂದ ಬಂಗುಡೆ ತರಿಸಿದರು. "ಹಾಸ್ಟೆಲಲ್ಲಿ ಬೆಳೆದವಳಿಗೆ ಎಂತ ಗೊತ್ತುಂಟು ಮಾರಾಯ್ತಿ!" ಅಂತ ಚಿಕ್ಕಮ್ಮ. ನನಗೆ ಹೊಟ್ಟೆ ಉರಿದುಹೋಯ್ತು.

ಮತ್ತೆ ಕಳೆದ ಓಣಂ ರಜೆಯಲ್ಲಿ, ನಾನು ಮಾಡಿದ ಸುಕ್ಕವನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದೆಯಲ್ಲ, ಅದು ಎಂತ?

ಹಠ ಮಾಡಿ ಎಲೆಯ ಮೂಲೆಗೆ ಒಂದು ತುಂಡು ಕೋಳಿ ಇಟ್ಟಿದ್ದೇನೆ. ತಪ್ಪಾಯ್ತಾ ಅಂತ ಈಗ ಟೆನ್ಶನ್. ಯಾವುದನ್ನು ಮೊದಲು ತಿಂದೆ? ಬೇಗ ರಿಪ್ಲೈ ಮಾಡು.