ಕೈ ಬಿಟ್ಟರೆ ನಿಲ್ಲುವ ಗಾಡಿ

ಡಿಸೆಂಬರ್ 14, 1959. ಸೋಮವಾರ

ಸಕ್ಕರೆ ರೊಟ್ಟಿಯ ಹಿಟ್ಟಿಗೆ ಆಲೂಗಡ್ಡೆ ಬೇಯಿಸಿ ಹಿಸುಕಿದೆ. ಹಾಲ್‌ನಲ್ಲಿ ಇವರು ಕ್ರಿಸ್‌ಮಸ್ ಗೋದಲಿ ಕಟ್ಟುತ್ತಿದ್ದಾರೆ. ಪಾಚಿ, ಬೊಂಬೆ ಕುರಿಗಳು, ಸುತ್ತ ಆಟದ ರೈಲು, ಅದಕ್ಕೊಂದು ಸುರಂಗ. ರೈಲಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಹಳೆಯದು.

"ಹಿಡಿ ಒತ್ತಿ ಹಿಡಿದಿದ್ರೆ ಮಾತ್ರ ಓಡುತ್ತೆ. ಕೈ ಬಿಟ್ರೆ ನಿಲ್ಲುತ್ತೆ. ನನ್ನ ಇಂಜಿನ್‌ನಲ್ಲೂ ಹೀಗೇ ಕಣೇ ಲೊವಿನಾ. ಡ್ರೈವರ್ ಸತ್ರೂ ಜನ ಉಳೀಲಿ ಅಂತ."

ಮೂವತ್ತು ವರ್ಷ ಪೆನ್ಸಿಲ್ವೇನಿಯದ ಬೆಟ್ಟಗಳಲ್ಲಿ ರೈಲು ಓಡಿಸಿದವರು.

16, ಬುಧವಾರ. ಸಂಜೆ 4

ಗಾಡಿ ನಿಂತಿತು. ಹೋಗಿ ನೋಡಿದೆ. ತಂತಿಗೆ ತಂತಿ ತಗುಲಿ ನಿಂತಿದ್ದರೆ ಪೆಟ್ಟಿಗೆಯ ಕೆಂಪು ದೀಪ ಹತ್ತಬೇಕು. ಹತ್ತಿರಲಿಲ್ಲ. ಇವರ ಕೈ ತೊಡೆಯ ಮೇಲೆ ಬಿದ್ದಿತ್ತು. ಕಣ್ಣು ತೆರೆದೇ ಇತ್ತು, ಆದರೆ ಎದುರಿಗಿದ್ದ ನಾನು ಇವರಿಗೆ ಕಾಣುತ್ತಿರಲಿಲ್ಲ. ಹತ್ತು ಎಣಿಸುವಷ್ಟು ಹೊತ್ತು.

"ಏನಾಯ್ತ್ರೀ?"

"ಏನಾಗ್ಬೇಕು? ನಿನ್ನ ರೊಟ್ಟಿ ಸೀಯ್ತಿದೆ, ಹೋಗು."

ಇಪ್ಪತ್ತನಾಲ್ಕಕ್ಕೆ ಚರ್ಚಿನ ಬಸ್ಸು ಓಡಿಸುವವರು ಇವರೇ. ಹದಿನೆಂಟು ಮಕ್ಕಳು. ದಾರಿಯಲ್ಲಿ ಆ ಕಲ್ಲು ಕ್ವಾರಿಯ ತಿರುವು…

18, ಶುಕ್ರವಾರ

ಎರಡು ಸಲ ನಿಂತಿತು. ಬಸ್ಸು ಬೇಡ, ಡಾಕ್ಟರಿಗೆ ತೋರಿಸಿ ಎಂದೆ.

"ಮೂವತ್ತು ವರ್ಷದಲ್ಲಿ ಒಂದೇ ಒಂದು ಕೆಂಪು ಸಿಗ್ನಲ್ ದಾಟಿದೋನಲ್ಲ. ಆಟದ ರೈಲು ನೋಡಿ ನಂಗೆ ಸರ್ಟಿಫಿಕೇಟಾ? ಪಾಸ್ಟರ್ ಹತ್ರ ಬಾಯಿ ಬಿಟ್ಟೀಯ, ಜೋಕೆ."

ಪ್ರಾರ್ಥನೆಗೆ ಕುಳಿತೆ. ಕಿವಿ ಮಾತ್ರ ರೈಲಿನ ಕಡೆಗೆ.

22, ಮಂಗಳವಾರ

ಮೂರು ದಿನದಿಂದ ಒಮ್ಮೆಯೂ ನಿಂತಿರಲಿಲ್ಲ. ದೇವರಿಗೆ ಸ್ತೋತ್ರ ಹೇಳಿದ್ದೆ. ಇವತ್ತು ಇವರು ಸೌದೆ ತರಲು ಹಿತ್ತಿಲಿಗೆ ಹೋದರು. ಗಾಡಿ ಓಡುತ್ತಲೇ ಇತ್ತು.

ಹಿಡಿಗೆ ದಾರ ಬಿಗಿದಿದ್ದಾರೆ. ಮೇಣದಬತ್ತಿಗಳಿಗೆ ಕೆಂಪು ಕಾಗದ ಕಟ್ಟಲು ನಾನಿಟ್ಟಿದ್ದ ದಾರ.

ಇವರಿಗೂ ಗೊತ್ತು, ಹಾಗಾದರೆ.

24, ಗುರುವಾರ. ಮಧ್ಯಾಹ್ನ 3

ಬಸ್ಸಿನ ಕೀ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆ.

"ಕೀ ಎಲ್ಲೇ?"

"ದಾರ ಬಿಚ್ಚಿ ಹತ್ತು ನಿಮಿಷ ಓಡಿಸಿ. ನಿಲ್ಲದಿದ್ರೆ ಕೊಡ್ತೀನಿ."

ಇವರು ದಾರದ ಗಂಟು ಮುಟ್ಟಿ ನೋಡಿದರು.

"ನಿಂತ್ರೆ?"

"ಪಾಸ್ಟರ್‌ಗೆ ನಾನೇ ಫೋನ್ ಮಾಡ್ತೀನಿ."

ದಾರ ತಾವೇ ಕತ್ತರಿಸಿದರು. ಕುಳಿತರು.

ಅಡುಗೆಮನೆ ಗಡಿಯಾರದ ಮುಂದೆ ಬರೆಯುತ್ತಿದ್ದೇನೆ — ಕೈ ಸುಮ್ಮನಿರುವುದಿಲ್ಲ. ಏನು ಬೇಡಲಿ, ತಂದೆಯೇ? ನಿಲ್ಲಲಿ ಎಂದರೆ ಗಂಡನಿಗೆ ಕೇಡು ಬೇಡಿದಂತೆ. ಓಡಲಿ ಎಂದರೆ ಆ ಹದಿನೆಂಟು ಮಕ್ಕಳು…

ಐದು ನಿಮಿಷ. ಓಡುತ್ತಿದೆ.

ಏಳು.

ಎಂಟು. ಸದ್ದು ಸುರಂಗ ದಾಟಿತು.

ಒಂಬತ್ತು. ಇನ್ನೂ ಓಡು… ಸದ್ದಿಲ್ಲ.

ಕೆಂಪು ದೀಪ ಹತ್ತಿರಲಿ ದೇವರೇ, ಬರೀ ತಂತಿ ತಗುಲಿದ್ದೇ ಆಗಿ—