ಮೂರನೇ ಕೈ

ವಿಮಾನ ನಿಲ್ದಾಣದ ಪಕ್ಕದ ಹೋಟೆಲು,
ನಾಲ್ಕನೇ ಮಹಡಿ, ಕೋಣೆ 417
ಗುರುವಾರ, 12ನೇ ತಾರೀಖು, ತಿಂಡಿ ಆದ ಮೇಲೆ

ಪ್ರೀತಿಯ ಚಿಲಕನಿಗೆ,

ನಿನ್ನ ಒಬ್ಬಳೇ ಅಕ್ಕ ಮಾಡುವ ಆಶೀರ್ವಾದಗಳು. ನೀನು, ನಿನ್ನ ಹೆಂಡತಿ, ಮತ್ತು ನನ್ನನ್ನು ಫೋನಿನ ಪರದೆಯಲ್ಲಿ ಮಾತ್ರ ನೋಡಿ 'ಚಪ್ಪಟೆ ಅತ್ತೆ' ಎಂದು ಹೆಸರಿಟ್ಟಿರುವ ನಿನ್ನ ಮಗಳು, ಎಲ್ಲರೂ ಆರೋಗ್ಯವೆಂದು ನಂಬಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ಬಾಗಿಲ ಮುಂದೆ ಮಂಡಿಯೂರಿ ಕೂರುವ ಕಸುಬು ನಮ್ಮ ಮನೆಯದು. ಅಪ್ಪನಿಗೆ ಮಂಡಿ ಹೋಯಿತು, ನಿನಗೆ ಸೊಂಟ ಹೋಯಿತು. ನನಗೊಬ್ಬಳಿಗೆ ಎಲ್ಲ ನೆಟ್ಟಗಿದೆ, ಏಕೆಂದರೆ ನಾನು ಯಾವ ಬಾಗಿಲಿಗೂ ಬಾಗಿದವಳಲ್ಲ.

ನಿನ್ನೆ ಸಂಜೆ ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ 'ಸರಿ ಅಕ್ಕ, ಬರ್ತೀನಿ' ಎಂದು ಇಟ್ಟುಬಿಟ್ಟೆ. ಆಮೇಲೆ ನಿನ್ನ ಫೋನು ಬಾಯೇ ಬಿಡುತ್ತಿಲ್ಲ. ಒಮ್ಮೆ ಮುಚ್ಚಿಕೊಂಡರೆ ಹೊರಗಿನಿಂದ ಯಾರೂ ತೆಗೆಯಲಾಗದು ಎಂದೇ ತಾನೇ ಅಪ್ಪ ನಿನಗೆ ಚಿಲಕ ಎಂದು ಹೆಸರಿಟ್ಟಿದ್ದು. ಹಾಗಾಗಿ ಉಳಿದರ್ಧವನ್ನು ಬರೆದು ತಿಳಿಸುತ್ತಿದ್ದೇನೆ. ಅಪ್ಪನ ಎದೆಯೊಳಗಿನ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ನಾಳೆ ಬೆಳಗ್ಗೆ ಮುಂದಿನ ಊರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್. ಡಾಕ್ಟರು ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಅಲ್ಲಿಂದಿಲ್ಲಿಗೆ ಸರಿಸುತ್ತಾ 'ವಯಸ್ಸಾಗಿದೆ, ನೋಡೋಣ' ಅಂದರು. ಪೇಪರ್‌ವೇಟು ಸರಿಸುವ ಡಾಕ್ಟರನ್ನು ಕಂಡರೆ ನನಗೆ ಭಯ. ದಾರಿಯಲ್ಲಿ ನಿಮ್ಮೂರಿನಲ್ಲಿ ವಿಮಾನ ಬದಲಾಯಿಸಬೇಕಿತ್ತು. ಎರಡನೆಯದು ರದ್ದಾಯಿತು. ವಿಮಾನದವರೇ ನಮ್ಮನ್ನು ತಂದು ಈ ಹೋಟೆಲಿನಲ್ಲಿ ಇಳಿಸಿದರು. 'ಅವನಿಗೆ ಹೇಳ್ಬೇಡ' ಎಂದು ಅಪ್ಪ ವ್ಯಾನಿನಲ್ಲಿ ಮೂರು ಸಲ ಅಂದರು. ಒಂದು ಸಲ ಅಂದಿದ್ದರೆ ನಿಜಕ್ಕೂ ಹೇಳುತ್ತಿರಲಿಲ್ಲ.

ಲಿಫ್ಟಿನ ಪಕ್ಕ ನಿಂತು ನಿನಗೆ ಫೋನು ಮಾಡಿ ಬಂದು, ನೀನು ಬರ್ತೀನಿ ಅಂದೆ ಎಂದು ಅಪ್ಪನಿಗೆ ಹೇಳಿದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ಒರೆಸಿಕೊಂಡು, 'ಫೋನ್ ಇಡೋವಾಗ ಅಂದ್ನಾ, ಅದಕ್ಕೂ ಮುಂಚೆ ಅಂದ್ನಾ?' ಅಂದರು. ಇಡುವಾಗ, ಅಂದೆ. 'ಹಾಗಾದ್ರೆ ಅದು ಬರೋದಲ್ಲ, ಹೋಗೋದು. ಮನೆ ಬಿಟ್ಟು ಹೋದ ದಿನವೂ ಹೊಸಿಲ ಮೇಲೆ ನಿಂತು ಬರ್ತೀನಪ್ಪಾ ಅಂತಲೇ ಅಂದಿದ್ದ' ಎಂದು ಗೋಡೆ ಕಡೆ ತಿರುಗಿ ಮಲಗಿದರು. ಚಿಲಕ, ನಮ್ಮ ಭಾಷೆಯನ್ನು ಮಾಡಿದವರು ಯಾರೋ, ಹೋಗುವುದಕ್ಕೂ ಬರುವುದಕ್ಕೂ ಒಂದೇ ಮಾತು ಇಟ್ಟುಹೋಗಿದ್ದಾರೆ. ಅವರೇನೋ ನೆಮ್ಮದಿಯಾಗಿ ಹೋದರು, ನಾನು ನಿನ್ನೆಯಿಂದ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ನೀನು 'ಸರಿ' ಎಂದು ಎಳೆದು ಅಂದೆಯೋ, ಮೊಟಕಾಗಿ ಅಂದೆಯೋ ಎಂಬುದೂ ಈಗ ನೆನಪಾಗುತ್ತಿಲ್ಲ.

ಹೋಟೆಲಿನ ಬಗ್ಗೆ ಹೇಳಬೇಕು. ಇಂಥವು ವಿಮಾನ ಇಳಿಯುವ ಪ್ರತಿ ಊರಿನಲ್ಲೂ ಒಂದೊಂದು ಇವೆಯಂತೆ, ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ. ಮಂಚದ ಮೇಲ್ಗಡೆ ಒಂದರ ಮೇಲೊಂದು ಕೂತ ಮೂರು ಬೂದು ಕಲ್ಲುಗಳ ಚಿತ್ರ. ಮನಸ್ಸಿಗೆ ಶಾಂತಿ ಕೊಡಲೆಂದು ಹಾಕಿದ್ದಾರೆ. ಅಪ್ಪ ಮಾತ್ರ ಮೇಲಿನದು ತಲೆ ಮೇಲೆ ಬೀಳುತ್ತದೆಂದು ದಿಂಬನ್ನು ಕಾಲ ಕಡೆಗೆ ಹಾಕಿಕೊಂಡರು. ಕಿಟಕಿ ತೆರೆಯುವುದಿಲ್ಲ. ವಿಮಾನಗಳು ಮೂಕಿಚಿತ್ರದಂತೆ ಸದ್ದಿಲ್ಲದೆ ಹೊಟ್ಟೆ ತೋರಿಸಿಕೊಂಡು ಹೋಗುತ್ತವೆ, ಬಚ್ಚಲಿನ ಲೋಟ ಮಾತ್ರ ಗಡಗಡ ಅನ್ನುತ್ತದೆ. ಇನ್ನು ಬಾಗಿಲು! ಜೀವಮಾನವೆಲ್ಲ ಬೀಗದ ಕೈ ಅರದಿಂದ ಉಜ್ಜಿದ ಮನುಷ್ಯನ ಕೈಗೆ ಎರಡು ಪ್ಲಾಸ್ಟಿಕ್ ಕಾರ್ಡು ಕೊಟ್ಟರು. 'ಬೀಗ ಅಂದ್ಮೇಲೆ ಅದಕ್ಕೊಂದು ಕೈ ಇರ್ಬೇಕು. ಇದಕ್ಕೆ ಕೈಯೂ ಇಲ್ಲ, ಕಾಲೂ ಇಲ್ಲ' ಎಂದರು. ಅದರಲ್ಲಿ ಒಂದನ್ನು ಗೋಡೆಯ ಗೂಡಿಗೆ ತಿನ್ನಿಸಿದರೆ ಮಾತ್ರ ದೀಪ. ಇನ್ನೊಂದು ನನ್ನ ಚೀಲದಲ್ಲಿ. ನೀನು ಅಂಗಡಿಯಲ್ಲಿ ಇಂಥದೇ ಬೀಗ ಇಡೋಣ ಎಂದಿದ್ದಕ್ಕೆ, ಅಪ್ಪ 'ಅದು ಬೀಗವಲ್ಲ, ಬಾಗಿಲಿಗೆ ಅಂಟಿಸಿದ ರೇಡಿಯೋ' ಎಂದಿದ್ದಕ್ಕೆ ಮನೆ ಎರಡಾಯಿತು. ಈಗ ನೋಡು, ಆ ರೇಡಿಯೋದೊಳಗೇ ಅವರನ್ನು ಮಲಗಿಸಿದ್ದೇನೆ.

ಇವತ್ತು ಬೆಳಗ್ಗೆ ಸ್ನಾನ ಮುಗಿಸಿ ಬರುತ್ತೇನೆ, ಅಪ್ಪ ಇಲ್ಲ. ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆಯ ಡಬ್ಬಿ ಮೇಜಿನ ಮೇಲೇ ಇತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಒದ್ದೆ ತಲೆಯಲ್ಲೇ ಓಡಿದೆ. ಎಲ್ಲ ಓಣಿಗಳೂ ಒಂದೇ ಥರ, ಒಂದೇ ನೆಲಹಾಸು, ಎಲ್ಲ ಬಾಗಿಲ ಮೇಲೂ ಒಂದೇ ಸಣ್ಣ ಕೆಂಪು ದೀಪ. ಮೆಟ್ಟಿಲಿಳಿದು ಮೂರನೇ ಮಹಡಿಗೆ ಹೋದರೆ, 317ರ ಬಾಗಿಲಲ್ಲಿ ಹಣೆಗೆ ಕಣ್ಣುಪಟ್ಟಿ ಏರಿಸಿಕೊಂಡು ಒಬ್ಬ ಪೈಲಟ್ ನಿಂತಿದ್ದ. ಹಗಲೇ ಅವರಿಗೆ ಮಲಗುವ ಹೊತ್ತು. ನಾನು ಬಾಯಿ ಬಿಡುವ ಮೊದಲೇ, 'ಒಬ್ರು ಅಜ್ಜ ನನ್ನ ಬಾಗಿಲು ತೆಗೀತಾ ಇದ್ರು. ನನ್ನ ರೂಮಲ್ಲಿ ನೀನೇನಪ್ಪ ಮಾಡ್ತಿದ್ದೀಯ ಅಂದ್ರು. ಗೋಡೆ ಮೇಲಿದ್ದ ಯೂನಿಫಾರಂ ನೋಡಿ, ವಿಮಾನ ಓಡಿಸೋನಾ, ಹಾಗಾದ್ರೆ ಮಲಕ್ಕೊ ಮಲಕ್ಕೊ ಅಂತ ಅವರೇ ಬಾಗಿಲು ಹಾಕಿ ಹೋದ್ರು. ಮುಖ ಬಿಳಿಚಿಕೊಂಡಿತ್ತು, ನೋಡಿ' ಅಂದ. ನಗು ಬರಬೇಕಾದ ಜಾಗದಲ್ಲಿ ಆ ಕೊನೆಯ ಮಾತು ಬಂದು ಕೂತುಬಿಟ್ಟಿತು. ಲಿಫ್ಟಿನ ಗುಂಡಿ ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ.

ಲಿಫ್ಟು ತೆರೆದಾಗ ಒಳಗೆ ಅಪ್ಪ ಇದ್ದರು. ಕೆಳಗಿನ ಕೌಂಟರಿನ ಹುಡುಗಿಯ ತೋಳು ಹಿಡಿದು ನಿಂತಿದ್ದರು. ಯಾರ ತೋಳನ್ನೂ ಹಿಡಿಯದ ಮನುಷ್ಯ! ಮಾತ್ರೆ ನಾಲಿಗೆಯಡಿ ಇಟ್ಟೆ. ಏನಾಯ್ತು ಎಂದರೆ, 'ಏನಿಲ್ಲ, ಸುಮ್ನೆ' ಎಂದರು. ನಮ್ಮ ಬಾಗಿಲ ಮುಂದೆ ಬಂದಾಗ ಆ ಹುಡುಗಿಯೇ ಕಾರ್ಡು ಹಿಡಿದು ತೆಗೆದಳು. ಹಸಿರು ದೀಪ ಬಂತು. 'ಇನ್ನೊಂದ್ಸಲ ಮಾಡಮ್ಮ' ಅಂದರು. ಮಾಡಿದಳು. 'ಕೊಡು, ನಾನ್ ಮಾಡ್ತೀನಿ' ಎಂದು ತಾವೇ ಮತ್ತೆ ಹಾಕಿ ತೆಗೆದರು. ಎದೆಯ ರಕ್ತ ಮಿದುಳಿಗೆ ಸರಿಯಾಗಿ ಹೋಗುತ್ತಿಲ್ಲವೋ ಏನೋ ಎಂದು ಹೆದರಿ, ಮಂಚದವರೆಗೆ ನಡೆಸಿಕೊಂಡು ಹೋದೆ. ಈಗ ಮಲಗಿದ್ದಾರೆ. ನಿದ್ದೆಯಲ್ಲ, ಓಣಿಯಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಕಾಲಿನ ಹೆಬ್ಬೆರಳು ಅಲ್ಲಾಡುತ್ತದೆ. ಹೆಜ್ಜೆ ಮುಂದೆ ಹೋದ ಮೇಲೆ ನಿಲ್ಲುತ್ತದೆ.

ನಿನ್ನ ಸಿಟ್ಟು ನನಗೆ ಗೊತ್ತು. ನೀನು ಮನೆ ಬಿಟ್ಟು ಹೋದ ವಾರದಲ್ಲೇ ಅಪ್ಪ ಸಿಟ್ಟಿನಲ್ಲಿ ಮನೆಯ ಬೀಗ ಬದಲಾಯಿಸಿದರು, ಸುಳ್ಳಲ್ಲ. ಆಮೇಲೊಮ್ಮೆ ನಾವ್ಯಾರೂ ಇಲ್ಲದ ಹೊತ್ತಿನಲ್ಲಿ ನೀನು ಬಂದು, ನಿನ್ನ ಹಳೇ ಕೈ ಹಾಕಿ ತಿರುಗಿಸಿ, ಅದು ತಿರುಗದೆ, ಹಣ್ಣಿನ ಚೀಲವನ್ನು ಬಾಗಿಲಲ್ಲೇ ಇಟ್ಟು ಹೋದೆ. ಎದುರು ಮನೆಯವರು ನೋಡಿ ಹೇಳಿದರು. ಊರವರ ಬೀಗವನ್ನೆಲ್ಲ ತೆಗೆಯುವವನ ಮಗ ತನ್ನ ಮನೆ ಬಾಗಿಲಲ್ಲಿ ನಿಂತು ಹೋದ ಎಂದು ಅವರು ಅಂದಾಗ ಅಪ್ಪ ಆ ಚೀಲವನ್ನು ಎತ್ತಿಕೊಂಡು ಒಳಗೆ ಹೋದರು. ಅವರ ಪರವಾಗಿ ನಾನು ಕ್ಷಮೆ ಕೇಳುವುದಿಲ್ಲ. ನೀವಿಬ್ಬರೂ ಒಂದೇ ಅಚ್ಚಿನ ಬೀಗಗಳು, ನಡುವೆ ಸಿಕ್ಕಿ ಸವೆಯುತ್ತಿರುವ ಕೈ ನಾನು.

ಮಧ್ಯಾಹ್ನ ಎರಡಕ್ಕೆ ನಮ್ಮನ್ನು ನಿಲ್ದಾಣಕ್ಕೆ ಕರೆದೊಯ್ಯುವ ವ್ಯಾನು ಹೊರಡುತ್ತದೆ. ಅದರ ಡ್ರೈವರು ದಿನಾ ನಿನ್ನ ಅಂಗಡಿಯ ಮುಂದೆಯೇ ಟೀ ಕುಡಿಯುವವನಂತೆ. 'ಆ ಕಾರ್ಡ್ ಬೀಗದವರಾ? ಕೊಡಿ ಅಕ್ಕ, ಈಗಿನ ಟ್ರಿಪ್ಪಲ್ಲೇ ಕೈಗೆ ಕೊಡ್ತೀನಿ' ಎಂದಿದ್ದಾನೆ. ಕೆಳಗೆ ಕಾಯುತ್ತಿದ್ದಾನೆಂದು ಕೌಂಟರಿನಿಂದ ಫೋನು ಬಂತು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಮಗುವಿಗೆ ಮುತ್ತು, ಅತ್ತೆ ಚಪ್ಪಟೆಯಲ್ಲ, ಸಾಕಷ್ಟು ದುಂಡಗಿದ್ದಾಳೆಂದು ತಿಳಿಸು.

ಇಂತಿ,
ಬಾಯಿಗೆ ಚಿಲಕವಿಲ್ಲದ ನಿನ್ನ ಅಕ್ಕ

ಮರೆತಿದ್ದು: ಮರೆತಿದ್ದಲ್ಲ, ಈಗಷ್ಟೇ ಗೊತ್ತಾಗಿದ್ದು. ಲಕೋಟೆ ಅಂಟಿಸುತ್ತಿದ್ದೆ, ಅಪ್ಪ ಎದ್ದು ಕೂತು, ದಿಂಬಿನ ಕೆಳಗಿಂದ ಒಂದು ಕಾರ್ಡು ತೆಗೆದು 'ಇದನ್ನೂ ಒಳಗೆ ಹಾಕು' ಎಂದರು. ಮೂರನೆಯದು. ಬೆಳಗ್ಗೆ ಇದಕ್ಕೇ ಕೆಳಗೆ ಹೋಗಿದ್ದರಂತೆ. 'ಇನ್ನೊಂದು ಕೈ ಬೇಕಮ್ಮ' ಎಂದರೆ ಆ ಹುಡುಗಿ ಪಾಪ, ಮುದುಕರಿಗೆ ಆಸರೆ ಬೇಕೆಂದುಕೊಂಡು ಓಡಿಬಂದು ತನ್ನ ತೋಳು ಕೊಟ್ಟಳಂತೆ! ಕೊನೆಗೆ 'ನನ್ನ ಮಗನಿಗೆ, ಬಾಗಿಲು ತೆಗೆಯೋಕೆ' ಎಂದಾಗ ಅರ್ಥವಾಗಿ ಕಾರ್ಡು ಮಾಡಿಕೊಟ್ಟಿದ್ದಾಳೆ. ಬರುವಾಗ ತಪ್ಪಿ ಮೂರನೇ ಮಹಡಿಯಲ್ಲಿ ಇಳಿದು 317ಕ್ಕೆ ಹಿಡಿದರೆ ಕೆಂಪು ದೀಪ. ನಿನ್ನ ಕೈ ಈ ಸಲವೂ ಹೋಗುತ್ತಿಲ್ಲ ಎಂದು ಅಲ್ಲೇ ಕುಸಿದಂತಾಗಿ, ಮತ್ತೆ ಕೆಳಗಿಳಿದು ಅವಳನ್ನು ಕರೆತಂದಿದ್ದಾರೆ. 'ಹೋಗುತ್ತೆ ಅಂತ ಬರಿ. ನಾನೇ ಹಾಕಿ ನೋಡಿದ್ದೀನಿ' ಅಂದರು. ಎರಡು ಗಂಟೆಗೆ ಈ ಕಾರ್ಡು ಸಾಯುತ್ತದಂತೆ. ನಾಲ್ಕನೇ ಮಹಡಿ, ಮೂರಲ್ಲ. ತಟ್ಟಬೇಡ. ನಿನ್ನ ಕೈಯಿಂದಲೇ ತೆಗೆದುಕೊಂಡು ಒಳಗೆ ಬಾ.